ಮಿಯುರಾ ಮಡಿಕೆಯ ಹಾಳೆ: ಮಡಿಸುವುದು, ಎಳೆಯುವುದು, ಬಾಗಿಸುವುದು, ಅಳೆಯುವುದು

ರಬ್ಬರ್ ಪಟ್ಟಿಯನ್ನು ಎಳೆದರೆ ಉದ್ದವಾಗುತ್ತಾ ಅಗಲ ಕಳೆದುಕೊಳ್ಳುತ್ತದೆ. ದಪ್ಪ ಕಾಗದವೊಂದನ್ನು ಮಿಯುರಾ ಮಾದರಿಯಲ್ಲಿ, ಅಂದರೆ ನೇರ ಗೆರೆಗಳೂ ಅಂಕುಡೊಂಕು ಗೆರೆಗಳೂ ಹೆಣೆದುಕೊಂಡ ಮಡಿಕೆಗಳಲ್ಲಿ, ಮಡಿಸಿ ಎದುರುಬದುರು ಅಂಚು ಹಿಡಿದು ಎಳೆಯಿರಿ. ಉದ್ದದ ಜೊತೆಗೆ ಅಗಲವೂ ಹೆಚ್ಚುತ್ತದೆ. ಕಾಗದ ಅದೇ, ಅದರ ದಪ್ಪ ಅದೇ. ಅದರ ಮೇಲೆ ಮೂಡಿದ ಮಡಿಕೆಗಳ ಜ್ಯಾಮಿತಿಯೇ ಹೊಸ ಗುಣವನ್ನು ತಂದಿದೆ.

ಈ ವಿನ್ಯಾಸವನ್ನು ಜಪಾನಿನ ಕೊರ್ಯೊ ಮಿಯುರಾ 1970ರ ಆಸುಪಾಸಿನಲ್ಲಿ ಬಾಹ್ಯಾಕಾಶ ರಚನೆಗಳಿಗಾಗಿ ರೂಪಿಸಿದರು. 1995ರಲ್ಲಿ ಹಾರಿದ ಜಪಾನಿನ ಸ್ಪೇಸ್ ಫ್ಲೈಯರ್ ಯೂನಿಟ್ ಉಪಗ್ರಹದಲ್ಲಿ ಇದೇ ಮಡಿಕೆಯ ಹಾಳೆಯೊಂದು ಬಿಚ್ಚಿಕೊಂಡಿತು. ಇಲ್ಲಿ ಎ4 ಅಳತೆಯ ಒಂದು ಹಾಳೆಯಿಂದ ಅದನ್ನು ಮಾಡಿ, ಅದರ ಯಾಂತ್ರಿಕ ಗುಣಗಳನ್ನು ಮೇಜಿನ ಮೇಲೆಯೇ ಅಳೆಯುವ ಕ್ರಮವಿದೆ.

ಶುರುವಿನಲ್ಲೇ ಒಂದು ಮಾತು ಗಟ್ಟಿ ಮಾಡಿಕೊಳ್ಳಿ. ಹಾಳೆ ಎತ್ತ, ಎಷ್ಟು ಚಲಿಸುತ್ತದೆ ಎಂಬುದನ್ನು ಜ್ಯಾಮಿತಿ ಹೇಳುತ್ತದೆ. ಹಾಗೆ ಚಲಿಸಲು ಎಷ್ಟು ಬಲ ಬೇಕು ಎಂಬುದನ್ನು ಮಡಿಕೆಗೆರೆಯ ಬಿಗಿತ ಮತ್ತು ಫಲಕಗಳ (ಮಡಿಕೆಗಳ ನಡುವಿನ ಚಪ್ಪಟೆ ತುಂಡುಗಳ) ಬಾಗುವಿಕೆ ಹೇಳುತ್ತವೆ. ಎಡವುವವರಲ್ಲಿ ಹೆಚ್ಚಿನವರು ಈ ಎರಡನ್ನೂ ಒಂದೇ ಪ್ರಯೋಗದಲ್ಲಿ ಬೆರೆಸಿ ಎಡವುತ್ತಾರೆ.

ಬೇಕಾದ ವಸ್ತುಗಳು

160ರಿಂದ 200 ಜಿಎಸ್‌ಎಂ (ಚದರ ಮೀಟರಿಗೆ ಗ್ರಾಂ) ತೂಕದ ಎ4 ಕಾಗದ ನಾಲ್ಕೈದು ಹಾಳೆ, ಉಕ್ಕಿನ ಸ್ಕೇಲು, ಮೊನಚಾದ ಪೆನ್ಸಿಲ್, ಇಂಕು ಮುಗಿದ ಬಾಲ್‌ಪೆನ್, ಕಟ್ಟರ್, 2 ಮಿ.ಮೀ. ರಂಧ್ರ ಕೊರೆಯುವ ಉಪಕರಣ, ನೆಟ್ಟಗೆ ನಿಲ್ಲುವ ಎರಡು ಮರದ ಪಟ್ಟಿ, ದಾರ, ಸೂಜಿಯಿಲ್ಲದ ಸಿರಿಂಜ್, ಒಂದು ಸಣ್ಣ ಪ್ಲಾಸ್ಟಿಕ್ ಬಾಟಲಿ.

ಮಾಮೂಲಿ 80 ಜಿಎಸ್‌ಎಂ ಕಾಗದ ಮಡಿಸುವುದನ್ನು ಕಲಿಯಲು ಒಳ್ಳೆಯದು, ಬಲ ಅಳೆಯಲು ಆಗದು. ಅದರ ಫಲಕಗಳು ಅಷ್ಟು ಮೆತ್ತಗಿರುವುದರಿಂದ ಮಡಿಕೆ ತೆರೆಯುವ ಮುಂಚೆಯೇ ಫಲಕ ಬಾಗಿಬಿಡುತ್ತದೆ. 300 ಜಿಎಸ್‌ಎಂ ದಾಟಿದರೆ ಮಡಿಕೆಯ ಹೊರಮೈ ಬಿರುಕು ಬಿಡುತ್ತದೆ, ನಾರಿಗೆ ಅಡ್ಡ ಬಿದ್ದ ಮಡಿಕೆಗಳಲ್ಲಂತೂ ಬೇಗನೆ.

ನಾರಿನ ದಿಕ್ಕು ತಿಳಿಯಲು 20 ಮಿ.ಮೀ. ಅಗಲ, 150 ಮಿ.ಮೀ. ಉದ್ದದ ಎರಡು ಪಟ್ಟಿಗಳನ್ನು ಒಂದನ್ನು ಹಾಳೆಯ ಉದ್ದಕ್ಕೆ, ಇನ್ನೊಂದನ್ನು ಅಗಲಕ್ಕೆ ಕತ್ತರಿಸಿ, ಎರಡನ್ನೂ ಒಂದೇ ತುದಿಯಲ್ಲಿ ಒಟ್ಟಿಗೆ ಹಿಡಿಯಿರಿ. ಕಡಿಮೆ ಜೋಲುವ ಪಟ್ಟಿಯ ಉದ್ದಕ್ಕೆ ನಾರು ಓಡುತ್ತಿದೆ. ಮಿಯುರಾದಲ್ಲಿ ಎರಡು ದಿಕ್ಕಿನ ಗೆರೆಗಳಿರುವುದರಿಂದ ಎರಡಕ್ಕೂ ಒಪ್ಪುವ ನಾರಿನ ದಿಕ್ಕು ಸಿಗುವುದಿಲ್ಲ. ಹೋಲಿಸಬೇಕಾದ ಹಾಳೆಗಳಲ್ಲೆಲ್ಲ ನಾರು ಒಂದೇ ದಿಕ್ಕಿಗಿದ್ದರೆ ಸಾಕು.

ಹಂತ 1: ಗೆರೆ ಹಾಕುವುದು

ನಮ್ಮ ಹಾಳೆಯ ಪ್ರತಿ ಫಲಕವೂ ಒಂದು ಸಮಾಂತರ ಚತುರ್ಭುಜ. ಎರಡೂ ಬದಿ 30 ಮಿ.ಮೀ., ಚೂಪು ಮೂಲೆ 60°. ಹಾಳೆಯನ್ನು ಅಡ್ಡ ಇಟ್ಟು, 297 ಮಿ.ಮೀ. ದಿಕ್ಕಿನಲ್ಲಿ 26 ಮಿ.ಮೀ. ಅಂತರಕ್ಕೊಂದರಂತೆ 11 ಲಂಬ ಗೆರೆ ಎಳೆಯಿರಿ. 1, 3, 5 ಹೀಗೆ ಬೆಸ ಗೆರೆಗಳ ಮೇಲೆ 0, 30, 60ರಿಂದ 180 ಮಿ.ಮೀ.ವರೆಗೆ ಚುಕ್ಕೆಗಳನ್ನಿಡಿ. ಸರಿ ಗೆರೆಗಳ ಮೇಲೆ 15, 45, 75ರಿಂದ 195ರವರೆಗೆ. ಈಗ ಒಂದೇ ಸಾಲಿನ ಚುಕ್ಕೆಗಳನ್ನು ಎಡದಿಂದ ಬಲಕ್ಕೆ ಜೋಡಿಸಿದರೆ ಅಂಕುಡೊಂಕು ಗೆರೆಗಳು ಸಿಗುತ್ತವೆ. ಮೇಲಿನ ಮತ್ತು ಕೆಳಗಿನ ಅಂಕುಡೊಂಕು ಗೆರೆಗಳ ಗುಂಟ, ಎಡಬಲದ ನೇರ ಗೆರೆಗಳ ಗುಂಟ ಹೊರಗಿನ ಕಾಗದವನ್ನು ಕತ್ತರಿಸಿ ತೆಗೆಯಿರಿ.

ಉಳಿಯುವುದು 60 ಫಲಕ, 45 ಒಳಶೃಂಗ (ಒಳಭಾಗದಲ್ಲಿ ನಾಲ್ಕು ಮಡಿಕೆ ಸೇರುವ ಬಿಂದು), 104 ಮಡಿಕೆ. ಎಣಿಸಿ ನೋಡಿ: ನೇರ ಗೆರೆಗಳ ತುಂಡುಗಳು 54, ಅಂಕುಡೊಂಕು ಗೆರೆಗಳ ತುಂಡುಗಳು 50. ಎಣಿಕೆ ತಪ್ಪಿದ್ದರೆ ಗೆರೆಯೊಂದು ಬಿಟ್ಟುಹೋಗಿದೆ, ಮಡಿಸಲು ಹೊರಡಬೇಡಿ.

ಚುಕ್ಕೆಯ ಜಾಗದಲ್ಲಿ ಅರ್ಧ ಮಿಲಿಮೀಟರಿಗಿಂತ ಹೆಚ್ಚು ತಪ್ಪು ಬೇಡ. ಪ್ರತಿ ಅಂತರವನ್ನೂ ಹಿಂದಿನ ಗೆರೆಯಿಂದ ಅಳೆದರೆ ತಪ್ಪುಗಳು ಕೂಡುತ್ತಾ ಹೋಗುತ್ತವೆ. ಸ್ಕೇಲನ್ನು ಒಂದೇ ಕಡೆ ಊರಿ 26, 52, 78 ಎಂದು ಎಲ್ಲವನ್ನೂ ಒಂದೇ ಶೂನ್ಯದಿಂದ ಗುರುತು ಹಾಕಿ.

ಹಂತ 2: ಗೀರು ಮತ್ತು ರಂಧ್ರ

ಮಡಿಸುವ ಮುಂಚೆ 45 ಒಳಶೃಂಗಗಳಲ್ಲೂ 2 ಮಿ.ಮೀ. ರಂಧ್ರ ಕೊರೆಯಿರಿ. ಬೇಸರದ ಕೆಲಸವೇ, ಆದರೆ ಬಿಡಬೇಡಿ. ನಾಲ್ಕು ಮಡಿಕೆಗಳು ಒಂದೇ ಬಿಂದುವಿನಲ್ಲಿ ಸೇರುವಾಗ ಕಾಗದ ಅಲ್ಲಿ ಬಾಗುವುದರ ಜೊತೆಗೆ ಹಿಗ್ಗಬೇಕಾಗುತ್ತದೆ, ಕಾಗದಕ್ಕೆ ಹಿಗ್ಗಲು ಬರುವುದಿಲ್ಲ. ರಂಧ್ರವಿಲ್ಲದ ಹಾಳೆಯನ್ನು ಹತ್ತಿಪ್ಪತ್ತು ಸಲ ತೆರೆದು ಮುಚ್ಚಿ ಬೆಳಕಿಗೆ ಹಿಡಿದರೆ ಶೃಂಗಗಳಲ್ಲಿ ಸೂಜಿಮೊನೆಯಷ್ಟು ಬೆಳಕು ತೂರುವುದು ಕಾಣುತ್ತದೆ. ಆ ಕಿರುಬಿರುಕುಗಳು ಮಡಿಕೆಯ ಗುಂಟ ಬೆಳೆಯುತ್ತಾ ಹೋಗುತ್ತವೆ, ಅವುಗಳೊಂದಿಗೆ ನಿಮ್ಮ ಅಳತೆಯೂ ಜಾರುತ್ತದೆ.

ಖಾಲಿ ಬಾಲ್‌ಪೆನ್ನನ್ನು ಸ್ಕೇಲಿಗೆ ಒತ್ತಿ ಪ್ರತಿ ಗೆರೆಯ ಮೇಲೂ ಎರಡು ಸಲ, ಒಂದೇ ಒತ್ತಡದಲ್ಲಿ ಎಳೆಯಿರಿ. ಕಟ್ಟರ್‌ನಿಂದ ಅರ್ಧ ದಪ್ಪಕ್ಕೆ ಕೊಯ್ಯುವ ಅಭ್ಯಾಸ ಕೆಲವರಿಗಿದೆ. ಮಾದರಿ ನೋಡಲು ಚೆಂದ ಬರುತ್ತದೆ, ಆದರೆ ಕೊಯ್ತದ ಆಳ ಗೆರೆಯಿಂದ ಗೆರೆಗೆ ಬದಲಾಗುವುದರಿಂದ ಮಡಿಕೆಗಳ ಬಿಗಿತ ಒಂದೇ ಸಮ ಇರುವುದಿಲ್ಲ. ಅಳೆಯುವ ಹಾಳೆಗೆ ಕೊಯ್ತ ಬೇಡ.

ಹಂತ 3: ಮಡಿಸುವುದು

ಮೊದಲು ಎಲ್ಲ ಗೆರೆಗಳನ್ನೂ ಎರಡೂ ಕಡೆಗೆ ಒಮ್ಮೊಮ್ಮೆ ಮಡಿಸಿ ಬಿಡಿಸಿ. ಆಮೇಲೆ ಯಾವ ಮಡಿಕೆ ಉಬ್ಬು (ಮೇಲಕ್ಕೆ ಏಳುವುದು), ಯಾವುದು ತಗ್ಗು (ಕೆಳಕ್ಕೆ ಇಳಿಯುವುದು) ಎಂಬುದು ನಿಗದಿಯಾಗಬೇಕು. ಅಂಕುಡೊಂಕು ಗೆರೆ ಒಂದು ಇಡಿಯಾಗಿ ಉಬ್ಬು, ಪಕ್ಕದ್ದು ಇಡಿಯಾಗಿ ತಗ್ಗು. ನೇರ ಗೆರೆಯಲ್ಲಿ ಮಾತ್ರ ತುಂಡಿನಿಂದ ತುಂಡಿಗೆ ಉಬ್ಬು, ತಗ್ಗು, ಉಬ್ಬು ಎಂದು ಬದಲಾಗುತ್ತದೆ. ಸರಿಯೋ ತಪ್ಪೋ ಎಂದು ನೋಡಲು ಯಾವುದೇ ಒಳಶೃಂಗದ ನಾಲ್ಕು ಮಡಿಕೆ ಎಣಿಸಿ: ಮೂರು ಒಂದು ಬಗೆ, ಒಂದು ಇನ್ನೊಂದು ಬಗೆ ಇರಲೇಬೇಕು. ಎರಡು ಉಬ್ಬು, ಎರಡು ತಗ್ಗು ಕಂಡರೆ ಆ ಶೃಂಗ ಚಪ್ಪಟೆಯಾಗಿ ಮುಚ್ಚಿಕೊಳ್ಳುವುದಿಲ್ಲ. ಒತ್ತಿದರೆ ಫಲಕ ಸುಕ್ಕಾಗುತ್ತದೆ.

ಇಡೀ ಹಾಳೆಯನ್ನು ಒಟ್ಟಿಗೆ ಮುದುಡಲು ಹೋಗಬೇಡಿ. ಒಂದು ಮೂಲೆಯಿಂದ ಹೊರಟು ಮಡಿಕೆಗಳನ್ನು ಸ್ವಲ್ಪ ಸ್ವಲ್ಪ ಚಿವುಟುತ್ತಾ ಎಲ್ಲವೂ ಸುಮಾರು 30° ಏಳುವಂತೆ ಮಾಡಿ. ಅಲ್ಲಿಂದ ಮುಂದೆ ಎಡಬಲದ ಅಂಚುಗಳನ್ನು ಅಂಗೈಗಳಿಂದ ಒಳಕ್ಕೆ ತಳ್ಳಿದರೆ ಹಾಳೆ ತಾನಾಗಿ ಎರಡು ದಿಕ್ಕಿನಲ್ಲೂ ಮುಚ್ಚಿಕೊಳ್ಳುತ್ತದೆ. ಎಲ್ಲ ಫಲಕಗಳೂ ಒಂದಕ್ಕೊಂದು ಕಟ್ಟುಬಿದ್ದು ಒಂದೇ ಚಲನೆ ಉಳಿದಿರುವುದನ್ನು ಕೈಯೇ ಗುರುತಿಸುತ್ತದೆ. ಹಾಳೆ ತಡೆಯುತ್ತಿದ್ದರೆ ಬಲ ಹಾಕುವ ಬದಲು ತಪ್ಪು ಕಡೆಗೆ ಉಬ್ಬಿದ ಶೃಂಗವನ್ನು ಹುಡುಕಿ.

ಪೂರ್ತಿ ಮುಚ್ಚಿ ನಾಲ್ಕಾರು ದಪ್ಪ ಪುಸ್ತಕಗಳ ಅಡಿಯಲ್ಲಿ ಒಂದು ಗಂಟೆ ಇಡಿ. ಹೊರತೆಗೆದ ಕೂಡಲೇ ಅಳೆಯಬೇಡಿ. ಮಡಿಕೆ ಮೊದಲು ಬೇಗ, ಆಮೇಲೆ ನಿಧಾನವಾಗಿ ತೆರೆದುಕೊಳ್ಳುತ್ತಲೇ ಇರುತ್ತದೆ. ಮೊದಲ ಒಂದು ನಿಮಿಷದಿಂದ ಹತ್ತನೆಯ ನಿಮಿಷದವರೆಗೆ ಆಗುವ ಬದಲಾವಣೆ, ಹತ್ತರಿಂದ ನೂರನೆಯ ನಿಮಿಷದವರೆಗೆ ಆಗುವುದಕ್ಕೆ ಹೆಚ್ಚುಕಡಿಮೆ ಸಮ. ಹಾಗಾಗಿ ಪೂರ್ತಿ ನಿಲ್ಲಲಿ ಎಂದು ಕಾಯುವುದರಲ್ಲಿ ಅರ್ಥವಿಲ್ಲ. ಅರ್ಧ ಗಂಟೆ ಎಂದು ಒಂದು ಹೊತ್ತು ಗೊತ್ತುಮಾಡಿ, ಎಲ್ಲ ಹಾಳೆಗಳಿಗೂ ಅದನ್ನೇ ಪಾಲಿಸಿ.

ಹಂತ 4: ಲೆಕ್ಕ

ಫಲಕದ ನೇರ ಬದಿಯನ್ನು ಅ, ಓರೆ ಬದಿಯನ್ನು ಬ ಎನ್ನೋಣ. ಹಾಳೆಯ ಎತ್ತರ ಎ. ನೇರ ಗೆರೆಯ ದಿಕ್ಕಿನಲ್ಲಿ ಒಂದು ಫಲಕದ ಹೆಜ್ಜೆ ಉ, ಅಂಕುಡೊಂಕು ಗೆರೆಯ ದಿಕ್ಕಿನಲ್ಲಿ ಹೆಜ್ಜೆ ಗ. ಫಲಕ ಮೇಜಿನ ಮಟ್ಟದಿಂದ ಎದ್ದಿರುವ ಕೋನ ‘ಏರು’, ಫಲಕದ ಚೂಪು ಕೋನ ‘ಮೂಲೆ’.

ಎ = ಅ × ಸೈನ್(ಮೂಲೆ) × ಸೈನ್(ಏರು)
ಉ² + ಎ² = ಅ²
ತ = ಕಾಸ್(ಏರು) × ಟ್ಯಾನ್(ಮೂಲೆ)
ಗ = ಬ × ತ ÷ √(1 + ತ²)

ಒಂದು ದಿಕ್ಕಿಗೆ ಎಳೆದಾಗ ಆದ ಹಿಗ್ಗಿಗೆ ಹೋಲಿಸಿದರೆ ಅಡ್ಡ ದಿಕ್ಕು ಎಷ್ಟು ಪಾಲು ಕುಗ್ಗುತ್ತದೆ ಎಂಬುದೇ ಪಾಯ್ಸನ್ ಅನುಪಾತ. ಗ ದಿಕ್ಕಿಗೆ ಎಳೆದಾಗ ಅದು −ತ². ಋಣ ಚಿಹ್ನೆಯ ಅರ್ಥ, ಎರಡೂ ದಿಕ್ಕು ಒಟ್ಟಿಗೆ ಹಿಗ್ಗುತ್ತವೆ ಎಂದು. ಉ ದಿಕ್ಕಿಗೆ ಎಳೆದರೆ ಅದು −1 ÷ ತ². ನಮ್ಮ ಹಾಳೆಗೆ ಬರುವ ಬೆಲೆಗಳು ಇವು, ಅಳತೆ ಮಿ.ಮೀ.ನಲ್ಲಿ:

ಏರು 0°: ಎ 0, ಉ 30.0, ಗ 26.0, ತ² 3.00
ಏರು 30°: ಎ 13.0, ಉ 27.0, ಗ 25.0, ತ² 2.25
ಏರು 45°: ಎ 18.4, ಉ 23.7, ಗ 23.2, ತ² 1.50
ಏರು 60°: ಎ 22.5, ಉ 19.8, ಗ 19.6, ತ² 0.75

ಈ ಸೂತ್ರಗಳಲ್ಲಿ ಕಾಗದದ ದಪ್ಪವಾಗಲಿ ಬಿಗಿತವಾಗಲಿ ಎಲ್ಲೂ ಬಂದಿಲ್ಲ. ಬದಿಗಳ ಅಳತೆ, ಮೂಲೆ, ಏರು ಇಷ್ಟೇ ಬಂದಿವೆ. 45° ಮೂಲೆಯ ಹಾಳೆಯಲ್ಲಿ ತ² ಎಂದೂ 1ನ್ನು ದಾಟುವುದಿಲ್ಲ. 75° ಮೂಲೆಯಲ್ಲಿ ಚಪ್ಪಟೆ ಸ್ಥಿತಿಯ ಹತ್ತಿರ ಅದು 13.9 ಮುಟ್ಟುತ್ತದೆ. ಪೂರ್ತಿ ಮುಚ್ಚಿದಾಗ ಉ ಎಂಬುದು ಅ × ಕಾಸ್(ಮೂಲೆ)ಗೆ ಇಳಿಯುವುದರಿಂದ ಮೂಲೆ 90°ಗೆ ಹತ್ತಿರವಾದಷ್ಟೂ ಹಾಳೆ ಚಿಕ್ಕದಾಗಿ ಮಡಚಿಕೊಳ್ಳುತ್ತದೆ. ಚಿಕ್ಕ ಗಂಟಾಗಬೇಕೋ, ಎರಡೂ ದಿಕ್ಕು ಹೆಚ್ಚುಕಡಿಮೆ ಸಮನಾಗಿ ಹಿಗ್ಗಬೇಕೋ ಎಂಬುದನ್ನು ಗೆರೆ ಹಾಕುವ ಮೊದಲೇ ತೀರ್ಮಾನಿಸಬೇಕು. ಆಮೇಲೆ ಬದಲಿಸಲು ಬರುವುದಿಲ್ಲ.

ಹಂತ 5: ಪಾಯ್ಸನ್ ಅನುಪಾತ ಅಳೆಯುವುದು

ಹಾಳೆಯ ಎಡಬಲದ ಅಂಚುಗಳು ಮೇಲೆ ಕೆಳಗೆ ಏರಿಳಿದರೂ ಒಂದೇ ಲಂಬ ಸಮತಲದಲ್ಲಿ ಇರುತ್ತವೆ. ಇದು ಅಳೆಯುವವರಿಗೆ ದೊಡ್ಡ ಅನುಕೂಲ. ನೆಟ್ಟಗೆ ನಿಲ್ಲಿಸಿದ ಎರಡು ಮರದ ಪಟ್ಟಿಗಳ ನಡುವೆ ಹಾಳೆ ಇಟ್ಟರೆ ಅಂಚು ಪಟ್ಟಿಗೆ ಉದ್ದಕ್ಕೂ ತಾಗುತ್ತದೆ, ಪಟ್ಟಿಗಳ ಅಂತರವೇ 10 ಗ. ಪಟ್ಟಿಗಳನ್ನು 2 ಮಿ.ಮೀ.ನಂತೆ ಹತ್ತಿರ ತಳ್ಳುತ್ತಾ, ಪ್ರತಿ ಸಲವೂ ಒಂದು ಒಳ ನೇರ ಗೆರೆಯ ಎರಡು ತುದಿಗಳ ನಡುವಿನ ಅಂತರ ಬರೆದುಕೊಳ್ಳಿ. ಅದು 6 ಉ. ಸಹಜ ಸ್ಥಿತಿಗಿಂತ ಹೆಚ್ಚು ತೆರೆದ ಸ್ಥಿತಿಗಳಿಗೆ ಪಟ್ಟಿ ಉಪಯೋಗಕ್ಕೆ ಬಾರದು, ಅಂಚಿಗೆ ದಾರ ಕಟ್ಟಿ ಎಳೆಯಬೇಕು.

ತಪ್ಪು ಹೆಚ್ಚಾಗಿ ನುಸುಳುವ ಜಾಗ ಇದೇ. ಹಾಳೆಯ ಒಟ್ಟು ಉದ್ದ, ಅಂದರೆ ಮೇಲಿನ ಅಂಚಿನ ಮೊನೆಯಿಂದ ಕೆಳಗಿನ ಅಂಚಿನ ಮೊನೆಯವರೆಗೆ, ಅಳೆಯಲು ಮನಸ್ಸಾಗುತ್ತದೆ. ಆ ಉದ್ದದಲ್ಲಿ 6 ಉ ಜೊತೆಗೆ ಅಂಕುಡೊಂಕಿನ ಚಾಚು ಒಂದು ಸೇರಿದೆ, ಅದು ಹಾಳೆ ಮುಚ್ಚಿದಂತೆ ಬೆಳೆಯುತ್ತದೆ: ಚಪ್ಪಟೆಯಾಗಿದ್ದಾಗ 15, ಏರು 30°ಯಲ್ಲಿ 16.6, 45°ಯಲ್ಲಿ 19.0 ಮಿ.ಮೀ. ಏರು 30°ಯಿಂದ 45°ಗೆ ಹೋಗುವಾಗ ಅಗಲ 249.6ರಿಂದ 232.4ಕ್ಕೆ, ಅಂದರೆ ಶೇ. 6.9 ಕುಗ್ಗುತ್ತದೆ. 6 ಉ 162.2ರಿಂದ 142.3ಕ್ಕೆ ಇಳಿದು ಶೇ. 12.3 ಕುಗ್ಗುತ್ತದೆ. ಭಾಗಿಸಿದರೆ 1.8ರ ಹತ್ತಿರ ಬರುತ್ತದೆ, 2.25 ಮತ್ತು 1.50ರ ನಡುವೆ ಕೂರುವ ಸರಿಯಾದ ಉತ್ತರ. ಒಟ್ಟು ಉದ್ದ ಹಿಡಿದವರಿಗೆ ಅದೇ ಹಾಳೆಯಲ್ಲಿ 1.4 ಸಿಗುತ್ತದೆ, ಸೂತ್ರವೇ ತಪ್ಪೆಂಬ ಅನುಮಾನ ಶುರುವಾಗುತ್ತದೆ.

ಅನುಪಾತ ಪ್ರತಿ ಸ್ಥಿತಿಯಲ್ಲೂ ಬೇರೆಯಾದ್ದರಿಂದ ಹೆಜ್ಜೆಗಳು ಚಿಕ್ಕದಿರಲಿ. ಹಾಳೆಯ ಅಡಿಗೆ ನುಣುಪಾದ ಪ್ಲಾಸ್ಟಿಕ್ ಅಥವಾ ಗಾಜು ಇರಲಿ. ಒರಟು ಮೇಜಿನ ಮೇಲೆ ತುದಿಯ ಸಾಲುಗಳು ಹಿಂದುಳಿದು ನಡುಭಾಗ ಮಾತ್ರ ಮುಚ್ಚಿಕೊಳ್ಳುತ್ತದೆ.

ಹಂತ 6: ಬಾಗಿಸಿ ನೋಡುವುದು

ಎಳೆದಾಗ ಅಡ್ಡಕ್ಕೂ ಹಿಗ್ಗುವ, ಮಡಿಕೆಗಳಿಲ್ಲದ ಘನ ವಸ್ತುವಿನ ತಗಡನ್ನು ಬಾಗಿಸಿದರೆ ಅದು ಗುಮ್ಮಟದಂತೆ ಉಬ್ಬುತ್ತದೆ. ಮಿಯುರಾ ಹಾಳೆ ಹಾಗೆ ಮಾಡುವುದಿಲ್ಲ. ಅರ್ಧ ತೆರೆದ ಹಾಳೆಯ ಎದುರುಬದುರು ಅಂಚುಗಳನ್ನು ಹಿಡಿದು ಕಮಾನಿನಂತೆ ಕೆಳಕ್ಕೆ ಬಾಗಿಸಿ: ಉಳಿದೆರಡು ಅಂಚುಗಳು ಮೇಲಕ್ಕೇಳುತ್ತವೆ, ಹಾಳೆ ಕುದುರೆಯ ಜೀನಿನ ಆಕಾರ ತಾಳುತ್ತದೆ. ಸಮತಲದ ಹಿಗ್ಗಿನಲ್ಲಿ ಪಾಯ್ಸನ್ ಅನುಪಾತ ಋಣ, ಬಾಗಿನಲ್ಲಿ ಧನ, ಪ್ರಮಾಣ ಮಾತ್ರ ಎರಡರಲ್ಲೂ ಸಮ. ಇದನ್ನು 2013ರಲ್ಲಿ ಎರಡು ಸಂಶೋಧನಾ ತಂಡಗಳು ಬೇರೆ ಬೇರೆಯಾಗಿ ತೋರಿಸಿದವು. ಮಡಿಕೆಯ ವಸ್ತುಗಳ ಬಗ್ಗೆ ತಿಳಿದಿರುವುದರಲ್ಲಿ ಇದಕ್ಕಿಂತ ಸೊಗಸಾದ ಸಂಗತಿ ಕಡಿಮೆ.

ಜೀನಿನ ಆಕಾರದಲ್ಲಿ ಹಾಳೆ ಹಿಡಿದಿರುವಾಗ ಇನ್ನೊಬ್ಬರು ಒಂದು ಫಲಕದ ಮೇಲೆ ಉಕ್ಕಿನ ಸ್ಕೇಲಿನ ಅಂಚು ಇಟ್ಟು ನೋಡಲಿ. ಕರ್ಣದ ದಿಕ್ಕಿಗೆ ಫಲಕ ತುಸು ಮುರಿದಂತೆ ಬಾಗಿರುವುದು, ಸ್ಕೇಲಿನಡಿ ಕೂದಲೆಳೆಯಷ್ಟು ಬೆಳಕು ಹಾಯುವುದು ಕಾಣುತ್ತದೆ. ಫಲಕಗಳು ನಿಜಕ್ಕೂ ಗಡುಸಾಗಿದ್ದರೆ ಜೀನಿನ ಆಕಾರ ಬರಲು ಸಾಧ್ಯವೇ ಇಲ್ಲ. ಖಚಿತಪಡಿಸಿಕೊಳ್ಳಲು ಎರಡನೆಯ ಹಾಳೆಯ ಪ್ರತಿ ಫಲಕಕ್ಕೂ ಮಡಿಕೆಯಿಂದ 2 ಮಿ.ಮೀ. ಬಿಟ್ಟು ದಪ್ಪ ರಟ್ಟಿನ ತುಂಡು ಅಂಟಿಸಿ. ಅದು ತೆರೆದು ಮುಚ್ಚುತ್ತದೆ, ಬಾಗಿಸಲು ಹೋದರೆ ಮಾತ್ರ ಬಗ್ಗುವುದಿಲ್ಲ. ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟುಕೊಂಡರೆ ಕೀಲಿನ (ಅಂದರೆ ಮಡಿಕೆಗೆರೆಯ) ಕೆಲಸ ಯಾವುದು, ಫಲಕದ ಕೆಲಸ ಯಾವುದು ಎಂಬುದು ಬೇರೆಯಾಗಿ ಸಿಗುತ್ತದೆ.

ಹಂತ 7: ಬಲ ಅಳೆಯುವುದು

180 ಜಿಎಸ್‌ಎಂ ಕಾಗದದ ಈ ಹಾಳೆಯ ತೂಕ ಸುಮಾರು 8.4 ಗ್ರಾಂ. ನೇತುಹಾಕಿ ಎಳೆದರೆ ಸ್ವಂತ ತೂಕಕ್ಕೇ ಮೇಲಿನ ಸಾಲುಗಳು ಕೆಳಗಿನವಕ್ಕಿಂತ ಹೆಚ್ಚು ತೆರೆಯುತ್ತವೆ. ಹಾಗಾಗಿ ಮಲಗಿಸಿಯೇ ಎಳೆಯಿರಿ. ಎಡ ಅಂಚನ್ನು ಮೂರು ದಾರಗಳಿಂದ ಒಂದು ಕಡ್ಡಿಗೆ ಕಟ್ಟಿ ಕಡ್ಡಿಯನ್ನು ಮೇಜಿಗೆ ಬಿಗಿಯಿರಿ. ಬಲ ಅಂಚನ್ನೂ ಹಾಗೆಯೇ ಕಡ್ಡಿಗೆ ಕಟ್ಟಿ, ಅಲ್ಲಿಂದ ಒಂದು ದಾರವನ್ನು ಮೇಜಿನಂಚಿನ ನುಣುಪು ಸರಳಿನ ಮೇಲೆ ಹಾಯಿಸಿ ಬಾಟಲಿ ತೂಗುಬಿಡಿ. ಅಂಚಿನ ದಾರಗಳು ಕನಿಷ್ಠ 150 ಮಿ.ಮೀ. ಉದ್ದವಿರಲಿ. ಎಳೆಯುವಾಗ ಹಾಳೆ ಅಡ್ಡಕ್ಕೂ ಹಿಗ್ಗುತ್ತದಲ್ಲ, ದಾರ ಮೋಟಾಗಿದ್ದರೆ ಆ ಹಿಗ್ಗನ್ನು ತಡೆಯುತ್ತದೆ. ಅಂಚನ್ನು ನೇರವಾಗಿ ಕ್ಲಾಂಪಿನಲ್ಲಿ ಕಚ್ಚಿಸಿದರೆ ತೊಂದರೆ ಇನ್ನೂ ಹೆಚ್ಚು, ಅಳೆದ ಬಿಗಿತ ಹಾಳೆಯದಾಗಿ ಉಳಿಯುವುದಿಲ್ಲ.

ಸಿರಿಂಜಿನಿಂದ 20 ಮಿ.ಲೀ. ನೀರು ಬಾಟಲಿಗೆ ಹಾಕಿದರೆ 20 ಗ್ರಾಂ, ಸುಮಾರು 0.2 ನ್ಯೂಟನ್. ಪ್ರತಿ ಸಲವೂ 30 ಸೆಕೆಂಡು ಕಾದು, ಘರ್ಷಣೆ ಬಿಡಿಸಲು ಮೇಜನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ, ಅಗಲ ಓದಿ. ನೀರು ತೆಗೆಯುತ್ತಾ ಹಿಂದಿರುಗುವಾಗಲೂ ಓದಿ. ಮೊದಲ ಐದು ಸುತ್ತುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ, ಆ ಹೊತ್ತಿನಲ್ಲಿ ಮಡಿಕೆಯ ನಾರುಗಳು ಇನ್ನೂ ಸಡಿಲಗೊಳ್ಳುತ್ತಿರುತ್ತವೆ.

ನಕ್ಷೆ ಬರೆದಾಗ ಹೋಗುವ ದಾರಿ, ಬರುವ ದಾರಿ ಬೇರೆಯಾಗಿರುತ್ತವೆ. ನಡುವಿನ ಜಾಗ ಮಡಿಕೆಗಳಲ್ಲಿ ಕಳೆದುಹೋದ ಶಕ್ತಿ. ನಕ್ಷೆಯ ನಡುಭಾಗದಲ್ಲಿ ಹಾಳೆ ಮೆತ್ತಗಿದ್ದು, ಚಪ್ಪಟೆಯಾಗುತ್ತಾ ಬಂದಂತೆ ಬಲ ಕಡಿದಾಗಿ ಏರುತ್ತದೆ. ಕಾರಣ ಸರಳ: ಏರು ಸೊನ್ನೆಯ ಹತ್ತಿರ ಬಂದಾಗ ಮಡಿಕೆ ಎಷ್ಟು ತೆರೆದರೂ ಅಗಲ ಹೆಚ್ಚುವುದು ಅತ್ಯಲ್ಪ, ಆದ್ದರಿಂದ ಎಳೆತಕ್ಕೆ ಮಡಿಕೆಯ ಮೇಲೆ ಹಿಡಿತ ಸಿಗುವುದಿಲ್ಲ. ಕೊನೆಗೆ ಕಾಗದವನ್ನೇ ಹಿಗ್ಗಿಸಬೇಕಾಗುತ್ತದೆ.

ನಿಮ್ಮ ಹಾಳೆಯಲ್ಲಿ ಕೀಲು ಸೋಲುತ್ತಿದೆಯೋ ಫಲಕ ಸೋಲುತ್ತಿದೆಯೋ? ಫಲಕದ ಬಾಗು ಬಿಗಿತವನ್ನು ಮಡಿಕೆಯ ಪ್ರತಿ ಉದ್ದಮಾನದ ಕೀಲು ಬಿಗಿತದಿಂದ ಭಾಗಿಸಿದರೆ ಒಂದು ಉದ್ದ ಸಿಗುತ್ತದೆ. ಫಲಕ ಆ ಉದ್ದಕ್ಕಿಂತ ಬಹಳ ಚಿಕ್ಕದಾಗಿದ್ದರೆ ಮಡಿಕೆಯೇ ತೆರೆಯುತ್ತದೆ, ಬಹಳ ದೊಡ್ಡದಾಗಿದ್ದರೆ ಫಲಕ ಬಾಗುತ್ತದೆ. ಬಾಗು ಬಿಗಿತ ದಪ್ಪದ ಘನಕ್ಕೆ ಅನುಗುಣ, ದಪ್ಪ ಎರಡು ಪಟ್ಟಾದರೆ ಬಿಗಿತ ಎಂಟು ಪಟ್ಟು. ಹಾಗಾಗಿ ಅಳತೆ ಸೂತ್ರದಿಂದ ದೂರ ಬಿದ್ದರೆ ಫಲಕವನ್ನು 20 ಮಿ.ಮೀ.ಗೆ ಇಳಿಸಿ ನೋಡುವುದು ಸುಲಭದ ಮದ್ದು.

ಹಂತ 8: ಶೃಂಗವನ್ನು ಒಳಕ್ಕೆ ತಳ್ಳುವುದು

ಇದಕ್ಕೆ 120 ಜಿಎಸ್‌ಎಂ ಹಾಳೆ ವಾಸಿ, ದಪ್ಪ ಕಾಗದ ಹರಿಯುತ್ತದೆ. ಅರ್ಧ ಮುಚ್ಚಿದ ಹಾಳೆಯ ನಡುವಿನ ಒಂದು ಉಬ್ಬು ಶೃಂಗವನ್ನು ಬೆರಳ ತುದಿಯಿಂದ ಒತ್ತಿ. ಟಕ್ಕೆಂದು ಅದು ಆಚೆ ಬದಿಗೆ ಹೋಗಿ ನಿಲ್ಲುತ್ತದೆ, ಹಿಂದಿನಿಂದ ಒತ್ತಿದರೆ ಮರಳಿ ಬರುತ್ತದೆ. ಸುತ್ತಲಿನ ಫಲಕಗಳು ಈಗ ಬಾಗಿದ ಸ್ಥಿತಿಯಲ್ಲೇ ಸಿಕ್ಕಿಕೊಂಡಿರುವುದರಿಂದ ಹಾಳೆಯನ್ನು ಮುಚ್ಚಲು ಹೆಚ್ಚು ಬಲ ಬೇಕು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ಭಾಗವಹಿಸಿದ 2014ರ ಅಧ್ಯಯನವೊಂದು ಹೀಗೆ ಆಚೆ ಬದಿಗೆ ಹೋದ ಶೃಂಗಗಳನ್ನು, ಅಂದರೆ ದೋಷಗಳನ್ನು, ಬೇಕೆಂದಾಗ ಹಾಕಿ ತೆಗೆದು ಹಾಳೆಯ ಬಿಗಿತವನ್ನು ಬದಲಿಸಬಹುದೆಂದು ತೋರಿಸಿತು. ಒಂದು ದೋಷ, ದೂರದ ಎರಡು, ಪಕ್ಕಪಕ್ಕದ ಎರಡು ಎಂದು ಮೂರು ಸ್ಥಿತಿಗಳಲ್ಲಿ ಅಳೆದು ಹೋಲಿಸಿ. ಹಂತ 7ರ ಎಳೆತದ ಬದಲು ಇಲ್ಲಿ ಎಡಬಲದ ಅಂಚುಗಳನ್ನು ಪಟ್ಟಿಗಳಿಂದ ಒಳಕ್ಕೆ ತಳ್ಳಬೇಕು.

ಕಾಗದದಿಂದ ಮುಂದೆ

ಅರ್ಧ ಮಿಲಿಮೀಟರ್ ಪಾಲಿಪ್ರೊಪಿಲೀನ್ ಹಾಳೆ ಮುಂದಿನ ಹೆಜ್ಜೆಗೆ ಒಳ್ಳೆಯದು. ಅದರ ಮಡಿಕೆ ಬಹಳ ಸಲ ತೆರೆದು ಮುಚ್ಚಿದರೂ ತುಂಡಾಗದು, ತೇವಕ್ಕೂ ಬದಲಾಗದು. ಅಲ್ಯೂಮಿನಿಯಂ ಹಾಳೆ ಮಡಿಸಿದಲ್ಲೇ ನಿಲ್ಲುತ್ತದೆ, ಆದರೆ ಹಿಂದಕ್ಕೆ ಮುಂದಕ್ಕೆ ನಾಲ್ಕಾರು ಸಲ ಮಡಿಸಿದರೆ ಗೆರೆಯಲ್ಲೇ ಸೀಳುತ್ತದೆ. ಪೆಟ್ಟಿನ ಶಕ್ತಿ ಹೀರುವ ಒಂದೇ ಸಲದ ಕೆಲಸಕ್ಕೆ ಮಾತ್ರ ಅದು ಸರಿ.

ದಪ್ಪ ಹಲಗೆಗಳಿಗೆ ಹೋದಾಗ ಮೇಲಿನ ಸೂತ್ರಗಳು ಹಾಗೆಯೇ ನಡೆಯುವುದಿಲ್ಲ. ಉಬ್ಬಿಗೆ ಒಂದು ಮುಖದಲ್ಲಿ, ತಗ್ಗಿಗೆ ಇನ್ನೊಂದು ಮುಖದಲ್ಲಿ ಕೀಲು ಹಾಕಿದರೆ ನಾಲ್ಕು ಅಕ್ಷಗಳು ಒಂದೇ ಬಿಂದುವಿನಲ್ಲಿ ಸೇರುವುದಿಲ್ಲ, ಶೃಂಗ ಜಾಮ್ ಆಗುತ್ತದೆ. ಕೈಗೆಟುಕುವ ದಾರಿ ಎಂದರೆ ಗಟ್ಟಿ ಬಟ್ಟೆಯ ಒಂದೇ ಮಗ್ಗುಲಿಗೆ ಹಲಗೆಗಳನ್ನು ಅಂಟಿಸುವುದು. ಹಲಗೆಗಳು ಒಳಮುಖವಾಗಿ ಒಂದರ ಮೇಲೊಂದು ಕೂರುವ ಮಡಿಕೆಗಳಲ್ಲಿ ಹಲಗೆಯ ದಪ್ಪದ ಎರಡರಷ್ಟು ಸಂದು ಬಿಡಬೇಕು, 2 ಮಿ.ಮೀ. ಹಲಗೆಗೆ 4 ಮಿ.ಮೀ. ಹೊರಮುಖದ ಮಡಿಕೆಗಳಲ್ಲಿ ಹಲಗೆಗಳು ಒಂದಕ್ಕೊಂದು ತಾಗಿಕೊಂಡಿದ್ದರೂ ನಡೆಯುತ್ತದೆ. ಎಲ್ಲ ಕಡೆ ಒಂದೇ ಸಂದು ಬಿಟ್ಟರೆ ಬಟ್ಟೆ ಸಡಿಲವಾಗಿ ಜೋತು ಬೀಳುತ್ತದೆ, ಫಲಕಗಳ ನಡುವಿನ ಕಟ್ಟು ಕಳಚಿ, ಹಾಳೆಯ ಒಂದು ಮೂಲೆ ಮುಚ್ಚಿದರೂ ಇನ್ನೊಂದು ಮೂಲೆ ಅಲುಗದೆ ಉಳಿಯುತ್ತದೆ.